ವಿಮಾನದ ಟೈರಿಗೆ ಮನೆಯ ಪೌಡರ್: ಯಾವುದು ನಡೆದೀತು, ಯಾವುದು ಕೂಡದು

ಟೈರ್ ಬಂದಿದೆ, ಟ್ಯೂಬ್ ಬಂದಿದೆ, ಗಾಲಿಯನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಾಗಿದೆ. ಟೈರಿನೊಳಗೆ ಉದುರಿಸಬೇಕಾದ ಟಾಲ್ಕ್ ಡಬ್ಬಿ ಮಾತ್ರ ಖಾಲಿ. ಆಗ ಪಕ್ಕದಲ್ಲಿ ನಿಂತವರು ಯಾರಾದರೂ ‘ಮೈಗೆ ಹಾಕುವ ಪೌಡರ್ ಇದೆಯಲ್ಲ, ಅದೂ ಇದೂ ಒಂದೇ’ ಎನ್ನುತ್ತಾರೆ. ಒಂದು ಕಾಲಕ್ಕೆ ಈ ಮಾತು ಬಹುಮಟ್ಟಿಗೆ ಸರಿಯಿತ್ತು. ಈಗ ಡಬ್ಬಿಯ ಹಿಂಬದಿಯನ್ನು ಓದದೆ ಒಪ್ಪುವಂತಿಲ್ಲ.

ಇಲ್ಲಿ ಹೇಳುವುದೆಲ್ಲ ಟ್ಯೂಬ್ ಇರುವ ಟೈರ್‌ಗಳಿಗೆ, ಎರಡು ಹೋಳುಗಳನ್ನು ಬೋಲ್ಟ್‌ಗಳಿಂದ ಬಿಗಿದ ರಿಮ್‌ಗಳಿಗೆ ಸಂಬಂಧಿಸಿದ್ದು. ಸೆಸ್ನಾ 172ರ ಮೂತಿಯ ಗಾಲಿಗೆ ಹಾಕುವ 5.00-5, ಹಿಂದಿನ ಎರಡು ಗಾಲಿಗಳಿಗೆ ಹಾಕುವ 6.00-6 ಅಳತೆಯವು ಇದಕ್ಕೆ ಒಳ್ಳೆಯ ಉದಾಹರಣೆ. ಟ್ಯೂಬ್‌ಲೆಸ್ ಟೈರ್‌ನ ಲೆಕ್ಕವೇ ಬೇರೆ. ಅಲ್ಲಿ ಗಾಳಿಯನ್ನು ಹಿಡಿದಿಡುವುದು ಬೀಡ್, ಅಂದರೆ ರಿಮ್ ಮೇಲೆ ಕೂರುವ ಟೈರಿನ ಅಂಚು, ಮತ್ತು ರಿಮ್‌ನ ನಡುವಿನ ಬಿಗಿತ. ಆ ಜಾಗಕ್ಕೆ ಪುಡಿ ಸೇರಿದರೆ ಗಾಳಿ ಸೋರಲು ದಾರಿ ಮಾಡಿಕೊಟ್ಟಂತೆ. ಆದ್ದರಿಂದ ಟ್ಯೂಬ್‌ಲೆಸ್ ಟೈರ್ ಜೋಡಿಸುವವರು ಪೌಡರಿನ ಯೋಚನೆಯನ್ನು ಇಲ್ಲಿಯೇ ಕೈಬಿಡಬಹುದು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ವಿಮಾನದ ಟೈರ್ ಬದಲಿಸಲು ಯಾರಿಗೆ ಅನುಮತಿ ಇದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ನಿಯಮದಲ್ಲಿ, ಪೈಲಟ್ ಲೈಸೆನ್ಸ್ ಇರುವ ಮಾಲೀಕ ತನ್ನ ಸಣ್ಣ ವಿಮಾನಕ್ಕೆ ತಾನೇ ಮಾಡಿಕೊಳ್ಳಬಹುದಾದ ನಿರ್ವಹಣಾ ಕೆಲಸಗಳ ಪಟ್ಟಿಯಲ್ಲಿ ಟೈರ್ ಬಿಚ್ಚುವುದು, ಜೋಡಿಸುವುದು ಸೇರಿದೆ. ಎಲ್ಲ ಕಡೆಯೂ ಹಾಗಿಲ್ಲ. ಅನುಮತಿ ಇದ್ದವರಿಗೂ ತಯಾರಕರ ಕೈಪಿಡಿಯೇ ಅಂತಿಮ. ಅದರಲ್ಲಿ ನಿರ್ದಿಷ್ಟವಾದ ಪುಡಿಯೊಂದನ್ನೇ ಹೆಸರಿಸಿದ್ದರೆ ಬದಲಿಯ ಪ್ರಶ್ನೆ ಏಳುವುದಿಲ್ಲ. ‘ಟಾಲ್ಕ್’ ಎಂದಷ್ಟೇ ಬರೆದಿದ್ದರೆ ಮಾತ್ರ ಮುಂದಿನ ಚರ್ಚೆಗೆ ಅರ್ಥವಿದೆ.

ಪುಡಿ ಮಾಡುವ ಕೆಲಸ

ಟ್ಯೂಬ್ ರಬ್ಬರ್, ಟೈರಿನ ಒಳಮೈಯೂ ರಬ್ಬರ್. ಎರಡೂ ಒಂದನ್ನೊಂದು ಮುಟ್ಟಿದರೆ ಜಾರುವುದಿಲ್ಲ, ಅಂಟಿಕೊಳ್ಳುತ್ತವೆ. ಗಾಳಿ ತುಂಬುವಾಗ ಟ್ಯೂಬಿನ ಒಂದು ಭಾಗ ಟೈರಿಗೆ ಮೊದಲೇ ಕಚ್ಚಿಕೊಂಡರೆ ಅಲ್ಲಿ ಅದು ಹಿಗ್ಗಲಾರದು. ಆ ಕೊರತೆಯನ್ನು ತುಂಬಲು ಪಕ್ಕದ ಭಾಗ ಅತಿಯಾಗಿ ಹಿಗ್ಗಿ ತೆಳುವಾಗುತ್ತದೆ. ಮತ್ತೊಂದು ಕಡೆ ಹೆಚ್ಚಾದ ರಬ್ಬರ್ ಮಡಿಕೆ ಬೀಳುತ್ತದೆ. ಮಡಿಕೆಯ ಅಂಚು ಪ್ರತಿ ಸುತ್ತಿಗೂ ಉಜ್ಜಿ, ಕೊನೆಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬ್ರೇಕಿನ ಬಿಸಿ ಬೇರೆ ಇರುತ್ತದೆ. ಅದು ಟ್ಯೂಬನ್ನು ಟೈರಿಗೆ ಬೆಸೆದಂತೆ ಅಂಟಿಸಿಬಿಡಬಹುದು.

ಪುಡಿಯ ತೆಳು ಪದರ ಇದ್ದರೆ ಟ್ಯೂಬ್ ಸರಿದಾಡಿ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಇಷ್ಟೇ ಅದರ ಕೆಲಸ. ಹಾಗಾದರೆ ಪುಡಿಗೆ ಬೇಕಾದ ಗುಣಗಳೂ ಸ್ಪಷ್ಟ: ಜಾರಬೇಕು, ಗೀರಬಾರದು, ನೀರು ಹೀರಿ ಮುದ್ದೆಯಾಗಬಾರದು, ಬಿಸಿಗೆ ಕೆಡಬಾರದು, ಗಾಲಿಯ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಲೋಹವನ್ನು ತಿನ್ನಬಾರದು.

ಟಾಲ್ಕ್‌ಗೆ ಈ ಐದೂ ಗುಣಗಳಿವೆ. ಅದು ಮೆಗ್ನೀಸಿಯಂ ಸಿಲಿಕೇಟ್ ಖನಿಜ. ಬಳಪದ ಕಲ್ಲಿನ ನುಣುಪಿಗೆ ಕಾರಣವೂ ಅದೇ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರದು ಅತಿ ಕೆಳಗಿನ ಸ್ಥಾನ, 1. ಅದರ ಕಣಗಳು ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಹಾಳೆಗಳ ನಡುವಿನ ಹಿಡಿತ ತೀರಾ ಸಡಿಲವಾದ್ದರಿಂದ ಬೆರಳಿನ ಒತ್ತಡಕ್ಕೇ ಸರಿದುಹೋಗುತ್ತವೆ. ನೀರನ್ನು ಅದು ಹತ್ತಿರ ಸೇರಿಸುವುದಿಲ್ಲ. ಬ್ರೇಕಿನ ಬಿಸಿಯಂತೂ ಅದಕ್ಕೆ ಲೆಕ್ಕಕ್ಕಿಲ್ಲ.

ಡಬ್ಬಿಯೊಳಗೆ ಏನಿದೆ?

ಅನೇಕರು ಎಡವುವುದು ಇಲ್ಲಿ. ‘ಬೇಬಿ ಪೌಡರ್’ ಎಂಬುದು ಬಳಕೆಯ ಹೆಸರು. ಡಬ್ಬಿಯಲ್ಲಿ ಯಾವ ವಸ್ತು ಇದೆ ಎಂಬುದನ್ನು ಅದು ಹೇಳುವುದಿಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಟಾಲ್ಕ್ ಬೇಬಿ ಪೌಡರಿನ ಮಾರಾಟವನ್ನು ನಿಲ್ಲಿಸಲು ನಿರ್ಧರಿಸಿತು. 2023ರಲ್ಲಿ ಜಗತ್ತಿನ ಉಳಿದ ಕಡೆಯೂ ಟಾಲ್ಕ್ ಬಿಟ್ಟು ಜೋಳದ ಪಿಷ್ಟಕ್ಕೆ, ಅಂದರೆ ಅಡುಗೆಮನೆಯ ಕಾರ್ನ್‌ಫ್ಲೋರ್‌ನ ಜಾತಿಗೆ, ಬದಲಾಯಿತು. ಡಬ್ಬಿಯ ಆಕಾರ ಅದೇ, ಪರಿಮಳವೂ ಹೆಚ್ಚುಕಡಿಮೆ ಅದೇ. ಹಳೆಯ ಮೆಕ್ಯಾನಿಕ್ ಒಬ್ಬರು ‘ನಾವು ಹಿಂದಿನಿಂದಲೂ ಅದನ್ನೇ ಹಾಕುತ್ತಿದ್ದೇವೆ’ ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರು ಹಾಕುತ್ತಿದ್ದ ಪುಡಿ ಬೇರೆ, ಇಂದು ಅದೇ ಹೆಸರಿನಲ್ಲಿ ಸಿಗುವ ಪುಡಿ ಬೇರೆ.

ಮೊದಲ ಹೆಜ್ಜೆ, ಘಟಕಗಳ ಪಟ್ಟಿಯನ್ನು ಓದುವುದು. ಟಾಲ್ಕ್ ಒಂದೇ ಇದ್ದರೆ ಅಥವಾ ಟಾಲ್ಕ್ ಜೊತೆ ಚೂರು ಸುಗಂಧ ಮಾತ್ರ ಇದ್ದರೆ ಅದು ಟೈರ್ ಟಾಲ್ಕ್‌ಗೆ ಹತ್ತಿರದ ಸಂಬಂಧಿ. ಸುಗಂಧವಿಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಪಟ್ಟಿ ಉದ್ದವಾದಷ್ಟೂ ಡಬ್ಬಿಯನ್ನು ದೂರ ಇಡಿ. ಬೆವರುಸಾಲೆಗೆ ಹಾಕುವ ಔಷಧದ ಪುಡಿಗಳಲ್ಲಿ ಟಾಲ್ಕ್ ಜೊತೆಗೆ ಆಮ್ಲಗಳು, ಸತುವಿನ ಆಕ್ಸೈಡ್, ಮೆಂಥಾಲ್ ಮುಂತಾದವು ಇರುತ್ತವೆ. ಮುಖಕ್ಕೆ ಹಚ್ಚುವ ಪೌಡರ್‌ಗಳಲ್ಲಿ ಬಣ್ಣ, ಎಣ್ಣೆ, ಅಂಟು ಹಿಡಿಯುವ ಪದಾರ್ಥಗಳಿರುತ್ತವೆ. ಚರ್ಮಕ್ಕೆ ಹಿತವಾದದ್ದು ರಬ್ಬರಿಗೂ ಲೋಹಕ್ಕೂ ಹಿತವಾಗಬೇಕೆಂದೇನೂ ಇಲ್ಲ.

ಚೀಟಿ ಹರಿದಿದ್ದರೆ ಅಥವಾ ಪುಡಿ ಬೇರೆ ಡಬ್ಬಿಗೆ ಸುರಿದದ್ದಾಗಿದ್ದರೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಒಂದು ಚಮಚ ಪುಡಿಯನ್ನು ಬಿಳಿ ತಟ್ಟೆಯಲ್ಲಿ ಎರಡು ಗುಡ್ಡೆಗಳಾಗಿ ಇಡಿ. ಒಂದರ ಮೇಲೆ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ಪಿಷ್ಟವಿದ್ದರೆ ಕಂದು ಬಣ್ಣದ ಹನಿ ಕಣ್ಣೆದುರೇ ಕಡುನೀಲಿಯಾಗಿ, ಕಪ್ಪಿಗೆ ತಿರುಗುತ್ತದೆ. ಟಾಲ್ಕ್ ಮೇಲೆ ಅದು ಕಂದಾಗಿಯೇ ಉಳಿಯುತ್ತದೆ. ಇನ್ನೊಂದು ಗುಡ್ಡೆಯ ಮೇಲೆ ವಿನೆಗರ್ ಹನಿಸಿ. ನೊರೆ ಬಂದರೆ ಅದರಲ್ಲಿ ಅಡುಗೆ ಸೋಡಾ ಅಥವಾ ಸೀಮೆಸುಣ್ಣದ ಜಾತಿಯ ಕಾರ್ಬೋನೇಟ್ ಇದೆ ಎಂದು ಅರ್ಥ. ಟಾಲ್ಕ್ ಸುಮ್ಮನಿರುತ್ತದೆ. ಇನ್ನೂ ಅನುಮಾನವಿದ್ದರೆ ಒಂದು ಲೋಟ ನೀರಿನ ಮೇಲೆ ಚಿಟಿಕೆ ಉದುರಿಸಿ ನೋಡಿ. ಟಾಲ್ಕ್ ಒದ್ದೆಯಾಗಲು ಒಪ್ಪದೆ ಬಹಳ ಹೊತ್ತು ಮೇಲೆಯೇ ತೇಲುತ್ತದೆ. ಪಿಷ್ಟ ನೆನೆದು ಇಳಿಯುತ್ತದೆ, ಕಲಕಿದರೆ ನೀರು ಹಾಲಿನಂತಾಗುತ್ತದೆ. ಈ ಪರೀಕ್ಷೆಗಳು ಬೇಡದ್ದನ್ನು ಪತ್ತೆ ಮಾಡಲಷ್ಟೇ ಸಾಕು. ಎಲ್ಲದರಲ್ಲೂ ಪಾಸಾದರೂ ಹೆಸರೇ ಗೊತ್ತಿಲ್ಲದ ಪುಡಿಯನ್ನು ನಾನಂತೂ ವಿಮಾನದ ಗಾಲಿಗೆ ಹಾಕುವುದಿಲ್ಲ.

ಪಿಷ್ಟದ ಪೌಡರ್ ಏಕೆ ಬೇಡ

ಒಣಗಿದ್ದಾಗ ಕಾರ್ನ್‌ಫ್ಲೋರ್ ಚೆನ್ನಾಗಿಯೇ ಜಾರುತ್ತದೆ. ಜೋಡಿಸುವ ದಿನ ಯಾವ ತೊಂದರೆಯೂ ಕಾಣುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ಟ್ಯೂಬ್ ಇರುವ ಟೈರಿನ ಒಳಭಾಗ ಪೂರ್ತಿ ಮುಚ್ಚಿದ ಜಾಗವಲ್ಲ. ವಾಲ್ವ್‌ನ ತೂತಿನ ಸುತ್ತ, ರಿಮ್‌ನ ಎರಡು ಹೋಳುಗಳ ಸಂದಿಯಲ್ಲಿ ತೇವ ಒಳಗೆ ಬರುತ್ತದೆ. ವಿಮಾನವನ್ನು ತೊಳೆದಾಗ, ಮಳೆಯಲ್ಲಿ ನಿಲ್ಲಿಸಿದಾಗ ಇನ್ನಷ್ಟು. ಪಿಷ್ಟ ಆ ತೇವವನ್ನು ಹೀರಿಕೊಂಡು ಲೋಹಕ್ಕೆ ಒತ್ತಿ ಹಿಡಿಯುತ್ತದೆ. ನೀರಿನ ಜೊತೆ ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಗಂಜಿಯಾಗುತ್ತದೆ. ಬ್ರೇಕ್ ಹಿಡಿದು ಇಳಿದ ಮೇಲೆ ಗಾಲಿಯ ಒಳಗೆ ಅಷ್ಟು ಬಿಸಿ ಏರುವುದು ಅಪರೂಪವೇನಲ್ಲ. ಗಂಜಿ ಒಣಗಿದರೆ ಗಟ್ಟಿ ಹಕ್ಕಳೆ. ಅದು ಜಾರುವ ಬದಲು ಉಜ್ಜುತ್ತದೆ. ಒಣಗದಿದ್ದರೆ ಬೂಷ್ಟಿಗೆ ಊಟ.

ಅಡುಗೆ ಸೋಡಾ ಬಿಸಿಗೆ ಒಡೆದು ತೊಳೆಯುವ ಸೋಡಾ ಆಗುತ್ತದೆ. ಆ ಕ್ಷಾರ ತೇವದೊಡನೆ ಸೇರಿದರೆ ಅಲ್ಯೂಮಿನಿಯಂ ತಿನ್ನುತ್ತದೆ. ಬಟ್ಟೆ ಸೋಪಿನ ಪುಡಿಗೂ ಇದೇ ದೋಷ. ಸೀಮೆಸುಣ್ಣದ ಪುಡಿ ಟಾಲ್ಕ್‌ಗಿಂತ ಗಡಸು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮಾತು ಎತ್ತುವುದೇ ಬೇಡ, ನೀರು ಬಿದ್ದರೆ ಟೈರಿನೊಳಗೆ ಕಲ್ಲಾಗುತ್ತದೆ. ಗ್ರಾಫೈಟ್ ಪುಡಿ ಜಾರುವುದರಲ್ಲಿ ಟಾಲ್ಕ್‌ಗೆ ಕಡಿಮೆಯಿಲ್ಲ, ಆದರೆ ತೇವವಿರುವ ಕಡೆ ಅಲ್ಯೂಮಿನಿಯಂಗೆ ತಾಗಿದರೆ ಲೋಹ ಬೇಗ ಸವೆಯುತ್ತದೆ. ಪುಡಿಯಲ್ಲದಿದ್ದರೂ ಕೆಲವರು ಕೈಗೆತ್ತಿಕೊಳ್ಳುವ ಗ್ರೀಸ್ ಮತ್ತು ಎಂಜಿನ್ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ.

ಇಷ್ಟೊಂದು ಹಟವೇಕೆ ಎಂದು ಕೇಳುವವರಿಗೆ ಟೈರಿನೊಳಗಿನ ಬೇರೊಂದು ಬದಲಿಯ ಕಥೆ ಇದೆ. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನ ಮೆಕ್ಸಿಕೋದ ಬೆಟ್ಟಗಳಲ್ಲಿ ಬಿದ್ದು 167 ಮಂದಿ ಸತ್ತರು. ಬ್ರೇಕ್ ಕಾದು, ಗಾಲಿಯ ಗೂಡಿನಲ್ಲಿದ್ದ ಟೈರ್ ಹಾರುತ್ತಿರುವಾಗಲೇ ಸ್ಫೋಟಿಸಿತ್ತು. ಆ ಟೈರಿಗೆ ಉರಿಗೆ ನೆರವಾಗದ ನೈಟ್ರೋಜನ್ ಬದಲು ಆಮ್ಲಜನಕವಿರುವ ಸಾಮಾನ್ಯ ಗಾಳಿ ತುಂಬಿದ್ದರು. ಸಣ್ಣ ವಿಮಾನದ ಟ್ಯೂಬಿಗೆ ಒಣ ಗಾಳಿ ತುಂಬಿದರೆ ಅಂಥ ಅಪಾಯವಿಲ್ಲ, ಪೌಡರ್ ಬದಲಾದರೆ ವಿಮಾನ ಬೀಳುತ್ತದೆಂದೂ ನಾನು ಹೇಳುತ್ತಿಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಎರಡು ವಸ್ತುಗಳಲ್ಲಿ ಯಾವುದು ಒಳಗಿದೆ ಎಂಬುದು ಬಿಸಿ ಏರಿದಾಗಲೇ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಟೈರ್ ಬಿಚ್ಚಿ ನೋಡಲು ಬರುವುದಿಲ್ಲ.

ಬಿಚ್ಚುವ ಮೊದಲು

ವಿಮಾನವನ್ನು ಜ್ಯಾಕ್ ಮೇಲೆ ಏರಿಸಿ, ಉಳಿದ ಗಾಲಿಗಳಿಗೆ ಅಡ್ಡ ಕೊಡಿ. ಆಮೇಲೆ ಮಾಡಬೇಕಾದ ಮೊದಲ ಕೆಲಸ ಗಾಳಿ ತೆಗೆಯುವುದು. ಗಾಲಿಯನ್ನು ಅಚ್ಚಿಗೆ ಬಿಗಿದ ಆಕ್ಸಲ್ ನಟ್ ಮುಟ್ಟುವುದಕ್ಕೂ ಮುಂಚೆ. ರಿಮ್ ಜೋಡಿಸಿದ ಬೋಲ್ಟ್ ಒಳಗೇ ಮುರಿದಿದ್ದರೆ ಎರಡು ಹೋಳುಗಳನ್ನು ಹಿಡಿದಿಟ್ಟಿರುವುದು ಆ ಆಕ್ಸಲ್ ನಟ್ ಒಂದೇ ಆಗಿರಬಹುದು. ವಾಲ್ವ್‌ನ ಕಡ್ಡಿಯನ್ನು ಒತ್ತಿ ಹಿಡಿದು ಸದ್ದು ಪೂರ್ತಿ ನಿಲ್ಲುವವರೆಗೆ ಗಾಳಿ ಬಿಡಿ, ನಂತರವೇ ವಾಲ್ವ್ ಕೋರ್, ಅಂದರೆ ವಾಲ್ವ್‌ನೊಳಗೆ ಗಾಳಿ ತಡೆಯುವ ಭಾಗವನ್ನು, ತಿರುಗಿಸಿ ತೆಗೆಯಿರಿ. ಒತ್ತಡವಿರುವಾಗ ಕೋರ್ ಬಿಚ್ಚಿದರೆ ಅದು ಗುಂಡಿನಂತೆ ಸಿಡಿಯುತ್ತದೆ. ಗಾಳಿ ಇರುವ ಟೈರಿನ ರಿಮ್ ಬೋಲ್ಟ್ ಸಡಿಲಿಸಿದವರಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ಬೀಡ್ ಬಿಡಿಸಲು ಸ್ಕ್ರೂಡ್ರೈವರ್ ಬೇಡ. ಮೆತ್ತನೆಯ ರಿಮ್ ಮೇಲೆ ಅದು ಬಿಡುವ ಒಂದು ಗೀರು ನಾಳೆಯ ಬಿರುಕು. ಟೈರನ್ನು ಸುತ್ತಲೂ ಸಮನಾಗಿ ಅದುಮಿ ಬಿಡಿಸಿ.

ಬಿಚ್ಚಿದ ಮೇಲೆ ಬೇರಿಂಗ್‌ಗಳನ್ನು ಹೊರತೆಗೆದು ಶುಭ್ರ ಬಟ್ಟೆಯಲ್ಲಿ ಸುತ್ತಿ, ಪೌಡರ್ ಹಾಕುವ ಬೆಂಚಿನಿಂದ ದೂರ ಇಡಿ. ಗ್ರೀಸ್ ಜೊತೆ ಪುಡಿ ಬೆರೆತರೆ ಅದು ಗ್ರೀಸ್ ಆಗಿ ಉಳಿಯುವುದಿಲ್ಲ. ರಿಮ್‌ನ ಹೋಳುಗಳನ್ನು ಒರೆಸಿ, ಬಿರುಕು, ಬಣ್ಣ ಎದ್ದ ಜಾಗ, ಬಿಳಿ ಪುಡಿಯಂತೆ ಕಾಣುವ ತುಕ್ಕು ಇದೆಯೇ ಎಂದು ಬೆಳಕಿನಲ್ಲಿ ನೋಡಿ. ಹಳೆಯ ಟಾಲ್ಕ್ ಕೂಡ ಬಿಳಿಯೇ ಆದ್ದರಿಂದ ಅದನ್ನು ಪೂರ್ತಿ ಒರೆಸದೆ ತುಕ್ಕನ್ನು ಗುರುತಿಸಲಾಗುವುದಿಲ್ಲ.

ಹೊಸ ಟೈರಿಗೆ ಹೊಸ ಟ್ಯೂಬ್ ಹಾಕಿ. ಬಳಸಿದ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನಲ್ಲಿ ಅದು ಮಡಿಕೆ ಬೀಳುತ್ತದೆ. ಅಂಥ ಮಡಿಕೆಗೆ ಯಾವ ಪೌಡರಿನಲ್ಲೂ ಪರಿಹಾರವಿಲ್ಲ.

ಪೌಡರ್ ಹಾಕುವ ಬಗೆ

ಟೈರಿನ ಒಳಮೈಯನ್ನು ಅಂಗೈಯಿಂದ ಒಂದು ಸುತ್ತು ಸವರಿ. ಕಣ್ಣಿಗೆ ಕಾಣದ ಕಡ್ಡಿ, ಕಲ್ಲಿನ ಚೂರು ಕೈಗೆ ಸಿಗುತ್ತದೆ. ಒಳಗೆ ಕಾಗದದ ಚೀಟಿ ಅಂಟಿಸಿದ್ದರೆ ಕಿತ್ತು ಹಾಕಿ. ಅದರ ಅಂಚು ಟ್ಯೂಬನ್ನು ಸವೆಸುತ್ತದೆ. ಅದರ ಅಂಟೂ ಉಳಿಯಬಾರದು.

ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಇದು ಅತಿ ಎಚ್ಚರಿಕೆಯಲ್ಲ. ಗಣಿಯಲ್ಲಿ ಟಾಲ್ಕ್ ಜೊತೆಗೆ ಕಲ್ನಾರು ಬೆರೆತಿರುವುದುಂಟು, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2024ರಲ್ಲಿ ಟಾಲ್ಕ್ ಅನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗಕ್ಕೆ ಸೇರಿಸಿತು. ಬಾಯಿಂದ ಊದಿ ಪೌಡರ್ ಹರಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಟ್ಯೂಬಿನ ವಾಲ್ವ್‌ಗೆ ಕೋರ್ ಹಾಕಿ ಮುಚ್ಚಳ ಬಿಗಿಯಿರಿ. ಪುಡಿಯ ಒಂದು ಕಣ ಕೋರ್‌ನ ಒಳಗೆ ಹೋದರೂ ಅದು ಸರಿಯಾಗಿ ಮುಚ್ಚಿಕೊಳ್ಳದೆ ಸೋರಲು ಶುರುವಾಗಬಹುದು. ಟ್ಯೂಬನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದೆರಡು ಚಮಚ ಟಾಲ್ಕ್ ಸುರಿದು, ಬಾಯಿ ಕಟ್ಟಿ ಚೆನ್ನಾಗಿ ಅಲುಗಾಡಿಸಿ. ಬ್ರಷ್ ಹಿಡಿದು ಹಚ್ಚುವುದಕ್ಕಿಂತ ಇದರಲ್ಲಿ ಪದರ ಸಮನಾಗಿ ಕೂರುತ್ತದೆ, ಧೂಳೂ ಚೀಲದೊಳಗೇ ಉಳಿಯುತ್ತದೆ. ಟೈರಿನೊಳಗೆ ಇನ್ನೊಂದು ಚಮಚ ಹಾಕಿ, ನಿಲ್ಲಿಸಿ ಉರುಳಿಸುತ್ತ ಹರಡಿ, ಆಮೇಲೆ ಬೋರಲು ಹಾಕಿ ತಟ್ಟಿ ಹೆಚ್ಚಿನದನ್ನು ಕೊಡವಿ.

ಎಷ್ಟು ಸಾಕು ಎಂಬುದಕ್ಕೆ ತೂಕದ ಲೆಕ್ಕ ಬೇಕಿಲ್ಲ. ಕಪ್ಪು ರಬ್ಬರ್ ಮಂಕು ಬೂದಿಬಣ್ಣಕ್ಕೆ ತಿರುಗಿರಬೇಕು, ಬೆರಳು ತಡೆಯಿಲ್ಲದೆ ಜಾರಬೇಕು. ಬೆರಳಿನಿಂದ ಗೆರೆ ಎಳೆದಾಗ ಪಕ್ಕದಲ್ಲಿ ಪುಡಿಯ ಸಣ್ಣ ದಿಬ್ಬ ಎದ್ದರೆ ಅಥವಾ ತಟ್ಟಿದಾಗ ಬಿಳಿ ಮೋಡ ಹಾರಿದರೆ ಹೆಚ್ಚಾಗಿದೆ. ಹೆಚ್ಚಾದ ಪುಡಿ ಒಂದು ಕಡೆ ಶೇಖರವಾಗಿ ಗಾಲಿಯ ಸಮತೋಲ ಕೆಡಿಸುತ್ತದೆ, ಉಂಡೆಗಟ್ಟಿ ಟ್ಯೂಬನ್ನು ಉಜ್ಜುತ್ತದೆ.

ಇನ್ನು ಪೌಡರ್ ಇರಲೇಬಾರದ ಜಾಗಗಳು. ಟೈರಿನ ಬೀಡ್ ಮತ್ತು ರಿಮ್‌ನಲ್ಲಿ ಅದು ಕೂರುವ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಅಲ್ಲಿ ಜಾರಿಕೆ ಇದ್ದರೆ ಬ್ರೇಕ್ ಹಿಡಿದಾಗ ರಿಮ್ ನಿಂತರೂ ಟೈರ್ ಸ್ವಲ್ಪ ತಿರುಗುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಬುಡದಲ್ಲಿ ಹರಿಯುತ್ತದೆ. ರಿಮ್‌ನ ಹೋಳುಗಳು ಒಂದನ್ನೊಂದು ಮುಟ್ಟುವ ಮುಖ, ಬೋಲ್ಟಿನ ಎಳೆಗಳು, ಬ್ರೇಕ್ ಡಿಸ್ಕ್ ಕೂಡ ಶುಭ್ರವಾಗಿರಬೇಕು. ಎಳೆಗಳಲ್ಲಿ ಪೌಡರ್ ಸೇರಿದರೆ ಟಾರ್ಕ್, ಅಂದರೆ ಬಿಗಿಯಲು ತಿರುಗಿಸುವ ಬಲ, ಅಳೆಯುವ ಟಾರ್ಕ್ ರೆಂಚ್ ತೋರಿಸುವ ಅಂಕಿಯನ್ನು ನಂಬುವಂತಿಲ್ಲ.

ಜೋಡಣೆ

ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಕೊಟ್ಟು ಟೈರಿನೊಳಗೆ ಕೂರಿಸಿ. ಟೈರ್ ಮೇಲಿನ ಕೆಂಪು ಚುಕ್ಕೆ ಅದರ ಹಗುರ ಭಾಗವನ್ನು ತೋರಿಸುತ್ತದೆ, ಟ್ಯೂಬ್ ಮೇಲಿನ ಹಳದಿ ಪಟ್ಟಿ ಅದರ ಭಾರದ ಭಾಗವನ್ನು. ಎರಡೂ ಗುರುತುಗಳನ್ನು ಒಂದೇ ಜಾಗಕ್ಕೆ, ಒಂದರ ಪಕ್ಕ ಒಂದು ಬರುವಂತೆ ತನ್ನಿ. ಟ್ಯೂಬಿನಲ್ಲಿ ಗುರುತಿಲ್ಲದಿದ್ದರೆ ಕೆಂಪು ಚುಕ್ಕೆ ವಾಲ್ವ್ ಪಕ್ಕಕ್ಕೆ ಬರಲಿ. ಒಳಗೆ ಕೈ ಹಾಕಿ ಇಡೀ ಸುತ್ತು ತಡವಿ ನೋಡಿ. ಒಳ್ಳೆಯ ಟಾಲ್ಕ್ ಹಾಕಿದ್ದರೆ ಮಡಿಕೆ ಬೆರಳಿನಿಂದ ತಳ್ಳಿದರೇ ಬಿಚ್ಚಿಕೊಳ್ಳುತ್ತದೆ.

ವಾಲ್ವ್ ತೂತಿರುವ ಹೋಳನ್ನು ಮೊದಲು ಹಾಕಿ, ವಾಲ್ವನ್ನು ನೇರವಾಗಿ ಹೊರಗೆ ತನ್ನಿ. ಎರಡನೆಯ ಹೋಳನ್ನು ಅದುಮುವಾಗ ಆತುರ ಬೇಡ. ಟ್ಯೂಬ್ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಈ ಸಂದಿಯಲ್ಲೇ. ಬೋಲ್ಟ್ ಬಿಗಿಯದೆಯೇ ಎರಡು ಮುಖಗಳೂ ಕೈಯೊತ್ತಿಗೆ ಪೂರ್ತಿ ಕೂಡಬೇಕು. ಕೂಡದಿದ್ದರೆ ನಡುವೆ ಟ್ಯೂಬ್ ಸಿಕ್ಕಿದೆ ಎಂದೇ ತಿಳಿದು ಬಿಚ್ಚಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಆ ಗಾಲಿಯ ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಹೊರನೋಟಕ್ಕೆ ಒಂದೇ ಥರದ ಗಾಲಿಗಳಿಗೂ ಟಾರ್ಕ್ ಬೇರೆ ಬೇರೆ, ಆದ್ದರಿಂದ ಪಕ್ಕದ ವಿಮಾನದ ಅಂಕಿ ನಿಮಗೆ ಬೇಡ. ಇಂಪ್ಯಾಕ್ಟ್ ರೆಂಚ್ ದೂರವಿರಲಿ.

ಗಾಲಿಯನ್ನು ಸುರಕ್ಷತಾ ಪಂಜರದೊಳಗೆ ಇಟ್ಟು, ಉದ್ದ ಪೈಪಿನ ಗೇಜ್ ಬಳಸಿ ಗಾಳಿ ತುಂಬಿ. ರಿಮ್‌ನ ಎದುರಿಗೆ ನಿಲ್ಲಬೇಡಿ. ಬೀಡ್ ಎರಡೂ ಕಡೆ ಕೂತ ಮೇಲೆ ಪೂರ್ತಿ ಗಾಳಿ ಬಿಟ್ಟುಬಿಡಿ, ಮತ್ತೆ ತುಂಬಿ. ಸಮಯ ಉಳಿಸಲು ಅನೇಕರು ಈ ಎರಡನೆಯ ಸಲವನ್ನು ಹಾರಿಸುತ್ತಾರೆ. ಮೊದಲ ಸಲ ಒತ್ತಡಕ್ಕೆ ಸಿಕ್ಕಿ ಎಲ್ಲೆಲ್ಲೋ ಹಿಡಿದುಕೊಂಡ ಟ್ಯೂಬ್, ಗಾಳಿ ಬಿಟ್ಟಾಗ ಸಡಿಲಗೊಂಡು ಟಾಲ್ಕ್ ಮೇಲೆ ಜಾರಿ ಸರಿಯಾಗುವುದು ಆಗಲೇ. ಅದನ್ನು ಬಿಟ್ಟರೆ ಪೌಡರ್ ಹಾಕಿದ ಶ್ರಮ ಅರ್ಧ ವ್ಯರ್ಥ.

ಮರುದಿನ

ಹೊಸ ನೈಲಾನ್ ಟೈರ್ ಒತ್ತಡಕ್ಕೆ ಹಿಗ್ಗುವುದರಿಂದ ಮೊದಲ ಅರ್ಧ ದಿನದಲ್ಲಿ ಗೇಜ್ ಇಳಿಯುವುದು ಸಹಜ. ಟ್ಯೂಬ್ ಮತ್ತು ಟೈರ್ ನಡುವೆ ಸಿಕ್ಕಿದ್ದ ಗಾಳಿ ವಾಲ್ವ್ ಪಕ್ಕದಿಂದ ನಿಧಾನವಾಗಿ ಹೊರಬರುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಕಂಡು ಗಾಬರಿಯಾಗಬಹುದು. ಮರುದಿನ ಸರಿಪಡಿಸಿ, ಇನ್ನೂ ಒಂದು ದಿನ ಬಿಟ್ಟು ನೋಡಿ. ಆಗಲೂ ಇಳಿಯುತ್ತಿದ್ದರೆ ಅದು ನಿಜವಾದ ಸೋರಿಕೆ. ವಿಮಾನದ ಭಾರ ಗಾಲಿಯ ಮೇಲೆ ಬಿದ್ದಾಗ ಒತ್ತಡ ಶೇಕಡಾ 4ರಷ್ಟು ಏರುತ್ತದೆ. ಕೈಪಿಡಿಯ ಅಂಕಿ ಭಾರವಿದ್ದಾಗಿನದೋ ಇಲ್ಲದಾಗಿನದೋ ನೋಡಿಕೊಂಡು ತುಂಬಿ.

ಟೈರಿನಿಂದ ರಿಮ್‌ವರೆಗೆ ಬಣ್ಣದ ಅಡ್ಡಗೆರೆ ಎಳೆಯಿರಿ. ಮೊದಲ ಕೆಲವು ಇಳಿತಗಳ ನಂತರ ಗೆರೆ ಮುರಿದು ಎರಡು ತುಂಡು ಅತ್ತಿತ್ತ ಸರಿದಿದ್ದರೆ ಟೈರ್ ರಿಮ್ ಮೇಲೆ ತಿರುಗಿದೆ. ಒತ್ತಡ ಕಡಿಮೆಯಾಗಿತ್ತೋ ಅಥವಾ ಬೀಡ್ ಪಟ್ಟಿಗೆ ಪೌಡರ್ ಸೇರಿತ್ತೋ ಎಂದು ಬಿಚ್ಚಿಯೇ ನೋಡಬೇಕು.

ಲಾಗ್‌ಬುಕ್‌ನಲ್ಲಿ ಟೈರ್ ಮತ್ತು ಟ್ಯೂಬ್‌ನ ವಿವರದ ಜೊತೆ ಯಾವ ಟಾಲ್ಕ್ ಹಾಕಿದಿರಿ ಎಂಬುದನ್ನೂ ಬರೆಯಿರಿ, ಡಬ್ಬಿಯ ಚೀಟಿಯ ಒಂದು ಫೋಟೊ ಇಟ್ಟುಕೊಳ್ಳಿ. ಮುಂದಿನ ಸಲ ಬಿಚ್ಚಿದವರು ಒಳಗೆ ಹಕ್ಕಳೆಯನ್ನೋ ಬೂಷ್ಟನ್ನೋ ಕಂಡರೆ ಮೊದಲು ಹುಡುಕುವುದು ಆ ಸಾಲನ್ನೇ.